ಬಚ್ಚಲ ಬೇಲಿಯ ಸ್ವೀಟ್ ಪೀ

ನನ್ನ ಕುರ್ಚಿಯ ಬಲಕ್ಕೆ ಈ ವರ್ಷ ಒಂದು ಬಣ್ಣದ ಡಬ್ಬಿ ಬಂದು ಕೂತಿದೆ. ಮನೆಗೆ ಬಣ್ಣ ಹೊಡೆಸಿದಾಗ ಖಾಲಿಯಾದ ಇಪ್ಪತ್ತು ಲೀಟರಿನ ಡಬ್ಬಿ. ಮೊಮ್ಮಗನ ಹೆಂಡತಿ ರೇಖಾ ಮೊಳೆ ಕಾಯಿಸಿ ಅದರ ತಳಕ್ಕೆ ತೂತು ಮಾಡಿ, ಮಣ್ಣು, ಮರಳು, ಸಗಣಿ ಗೊಬ್ಬರ ತುಂಬಿ, ಸ್ವೀಟ್ ಪೀ ಬೀಜ ಹಾಕಿದಳು. ಸಿಂದಗಿಯ ನಮ್ಮ ಈ ಮನೆಯಲ್ಲಿ ಮುಂಜಾನೆಯ ಬಿಸಿಲು ಬೀಳುವುದು ನಾನು ಕೂರುವ ಕಟ್ಟೆಯ ಮೇಲೆ ಮಾತ್ರ. ಹೀಗಾಗಿ ಆ ಬಿಸಿಲಿನಲ್ಲಿ ಬಳ್ಳಿಗೂ ನನಗೂ ಸಮಪಾಲು. ಬಳ್ಳಿ ಬೆಳೆಯುತ್ತದೆ, ನಾನು ತೂಕಡಿಸುತ್ತೇನೆ.

ಸ್ವೀಟ್ ಪೀ ನೋಡದವರಿಗೆ ಹೇಳಬೇಕೆಂದರೆ, ಅದು ನೋಡಲು ಥೇಟ್ ಬಟಾಣಿ ಬಳ್ಳಿಯೇ. ಹೂವು ಮಾತ್ರ ದೊಡ್ಡದು. ಗುಲಾಬಿ, ನೇರಳೆ, ಬಿಳಿ, ಒಮ್ಮೊಮ್ಮೆ ಒಂದೇ ಹೂವಿನಲ್ಲಿ ಎರಡು ಬಣ್ಣ. ಚಿಟ್ಟೆ ಅರ್ಧ ರೆಕ್ಕೆ ಮಡಚಿ ಕೂತ ಹಾಗಿರುತ್ತದೆ. ವಾಸನೆಯನ್ನು ಮಾತಿನಲ್ಲಿ ಹೇಳುವುದು ನನ್ನಿಂದಾಗದು. ಮಲ್ಲಿಗೆಯಂತೆ ಮೇಲೆ ಬೀಳುವ ವಾಸನೆಯಲ್ಲ, ಹತ್ತಿರ ಹೋದರೆ ಮಾತ್ರ ಸಿಗುತ್ತದೆ. ಹಾಗೆ ಹತ್ತಿರ ಹೋಗುವ ಧೈರ್ಯ ನನಗೆ ಬಹಳ ವರ್ಷ ಇರಲಿಲ್ಲ. ಯಾಕೆ ಅಂತ ಹೇಳುವುದಕ್ಕೇ ಈ ಬರಹ. ಆದರೆ ಮುದುಕರ ಕಥೆ, ಸೀದಾ ರಸ್ತೆ ಹಿಡಿಯುವುದಿಲ್ಲ. ನೀವು ಸ್ವಲ್ಪ ಸಮಾಧಾನದಿಂದ ಕೂರಬೇಕು.

ರೇಖಾ ಮುದ್ದೇಬಿಹಾಳದ ಹುಡುಗಿ. ಪ್ರಶ್ನೆ ಕೇಳುವುದರಲ್ಲಿ ಹುಷಾರು. ಗಣಪತಿ ಕಳಿಸಿದ ವಾರ ಬೀಜದ ಪಾಕೀಟು ಹಿಡಿದುಕೊಂಡು ನನ್ನ ಮುಂದೆ ಕೂತಳು.

“ಮುತ್ಯಾ, ಇವನ್ನ ನೆನಿ ಹಾಕಬೇಕೇನ್ರಿ?”

“ಒಂದ್ ರಾತ್ರಿ ಹಾಕವ್ವಾ. ಸಿಪ್ಪಿ ಕಲ್ಲಿನಂಗ ಇರ್ತೈತಿ.”

“ಎಷ್ಟ್ ದಿನಕ್ಕ ಏಳತಾವ್ರಿ?”

“ಹದಿನೈದ್ ದಿನಾ ತಡಿ. ದಿನಾ ಮಣ್ಣ ಕೆದರಿ ನೋಡಿದ್ರ ಎಂದೂ ಏಳಂಗಿಲ್ಲ.”

ನಾನು ಹೇಳಿದ ಮೇಲೆ ಅವಳು ಮೊಬೈಲಿನಲ್ಲಿ ನೋಡುತ್ತಾಳೆ. “ಹೌದ್ರಿ ಮುತ್ಯಾ, ಇದರಾಗೂ ಹಂಗ ಐತಿ” ಅಂದರೆ ನಾನು ಪಾಸು. ಹೈಸ್ಕೂಲು ಮುಗಿಸಿ ಇಷ್ಟು ವರ್ಷವಾದ ಮೇಲೆ ಮತ್ತೆ ದಿನಾ ಪರೀಕ್ಷೆ. ಬಳ್ಳಿ ಗೇಣುದ್ದ ಆದಾಗ ತುದಿ ಚಿವುಟಬೇಕೋ ಬೇಡವೋ, ಹಬ್ಬಲು ಏನು ಆಸರೆ ಕೊಡಬೇಕು, ಕೆಳಗಿನ ಎಲೆ ಯಾಕೆ ಹಳದಿಯಾದವು, ಮೊಗ್ಗು ಅರಳುವ ಮೊದಲೇ ಯಾಕೆ ಉದುರಿದವು. ತುದಿ ಚಿವುಟು, ಟಿಸಿಲು ಒಡೆಯುತ್ತದೆ. ತೊಗರಿ ಕಟ್ಟಿಗೆ ನೆಡು, ದಪ್ಪ ಕೋಲನ್ನು ಅದರ ಎಳೆ ಹಿಡಿಯಲಾರದು. ನೀರು ನಿಲ್ಲಬಾರದು. ಹಗಲು ಸೆಕೆ, ಬೆಳಗಿನ ಜಾವ ಥಂಡಿ ಅಂದರೆ ಮೊಗ್ಗು ಉದುರುತ್ತವೆ, ಅದಕ್ಕೆ ನಾವೇನೂ ಮಾಡಲಾಗದು. ಎಲ್ಲದರಲ್ಲೂ ಪಾಸಾದೆ. ಮೊಮ್ಮಗ, “ಏನಂದ್ರೂ ಬೀಜದಂಗಡಿ ಮುತ್ಯಾ” ಅಂದ. ನನಗೆ ಹಿಗ್ಗು ಆಗಬೇಕಿತ್ತು. ದಣಿವಾಯಿತು.

ನಾನು ಮೂವತ್ತು ವರ್ಷ ಒಂದೇ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸ ಮಾಡಿದವನು. ಮಾಲೀಕರು ಗಾದಿಯ ಮೇಲೆ, ನಾನು ಕಟ್ಟಿಗೆಯ ಮೇಜಿನ ಹಿಂದೆ. ಇಂಡಿಯಿಂದ ನಿಂಬೆ ತೋಟದವರು, ತಾಳಿಕೋಟೆ ಕಡೆಯಿಂದ ತೊಗರಿಯವರು, ನಿಡಗುಂದಿಯಿಂದ ಕಾಲುವೆ ನೀರು ಕಂಡು ಉಳ್ಳಾಗಡ್ಡಿ ಹಚ್ಚಿದವರು, ಎಲ್ಲರೂ ಬರುತ್ತಿದ್ದರು. ಬೀಜ ಒಯ್ಯುವುದಕ್ಕಿಂತ ಪ್ರಶ್ನೆ ಕೇಳುವುದಕ್ಕೆ ಬರುವವರೇ ಹೆಚ್ಚು. ನಾನು ಕಲಿತದ್ದು ಹೈಸ್ಕೂಲು. ಆದರೆ ಆ ಮೇಜಿನ ಹಿಂದೆ ನಿಂತರೆ ನನಗೆ ಕೃಷಿ ಪಂಡಿತನ ಗತ್ತು ಬರುತ್ತಿತ್ತು. ಗೊತ್ತಿದ್ದದ್ದಕ್ಕೂ ಉತ್ತರ, ಗೊತ್ತಿಲ್ಲದ್ದಕ್ಕೂ ಉತ್ತರ. ‘ನನಗೆ ತಿಳಿಯದು’ ಅಂತ ಆ ಮೇಜಿನ ಹಿಂದಿನಿಂದ ಹೇಳಿದ ನೆನಪು ನನಗಿಲ್ಲ.

ಒಮ್ಮೆ ಇಂಡಿ ಕಡೆಯವನೊಬ್ಬ, “ನಿಂಬಿ ಹೂವು ಉದರಾಕತ್ತಾವ್ರಿ, ಏನ್ ಮಾಡ್ಲಿ?” ಅಂದ. “ನೀರು ಹೆಚ್ಚಾಗೈತಿ” ಅಂದೆ. ಅದೇ ಮಧ್ಯಾಹ್ನ ಇನ್ನೊಬ್ಬ ಬಂದು ಅದನ್ನೇ ಕೇಳಿದ. “ನೀರು ಕಡಿಮಿ ಆಗೈತಿ” ಅಂದೆ. ಇಬ್ಬರೂ ಚಹಾದಂಗಡಿಯಲ್ಲಿ ಕೂಡಿದ್ದಾರೆ. ಸಂಜೆ ಜೋಡಿಯಾಗಿ ಬಂದು ನಿಂತರು.

“ಮಲ್ಲಪ್ಪ, ನಮ್ಮ ಇಬ್ಬರ ತೋಟಕ್ಕೂ ಒಂದ ಬದು ಐತಿ. ಅಂವಂದು ಹೆಚ್ಚ ಹೆಂಗ, ನಂದು ಕಡಿಮಿ ಹೆಂಗ?”

ನಾನು ಕಣ್ಣು ಮಿಟುಕಿಸದೆ ಹೇಳಿದೆ: “ಹಂಗಾರ ಅಂವನ ನೀರು ನಿನ್ನ ತೋಟಕ್ಕ ತಿರುವ್ಕೋ.”

ಅಂಗಡಿ ತುಂಬ ನಗೆ. ಅವರೂ ನಕ್ಕರು. ಅವತ್ತು ನಾನು ಎಷ್ಟು ಬೀಗಿದೆ ಎಂದರೆ, ಮನೆಗೆ ಹೋಗುವ ದಾರಿಯಲ್ಲಿ ಸೈಕಲ್ಲು ತುಳಿಯುತ್ತ ಒಬ್ಬನೇ ನಗುತ್ತಿದ್ದೆ. ಆ ಇಬ್ಬರ ನಿಂಬೆಗಿಡಗಳು ಮುಂದೆ ಏನಾದವು ಎಂದು ನಾನು ವಿಚಾರಿಸಲಿಲ್ಲ.

ಆಗ ನಾವು ಊರಲ್ಲೇ ಇದ್ದೆವು. ಸಿಂದಗಿಯಿಂದ ತಾಳಿಕೋಟೆ ರಸ್ತೆಯಲ್ಲಿ ಹೋಗಿ, ಒಳಗೆ ಒಂದು ಹರದಾರಿ ನಡೆದರೆ ನಮ್ಮ ಊರು. ಅವ್ವ, ನಾನು, ನನ್ನ ಹೆಂಡತಿ ಕಾಶಿಬಾಯಿ, ಮಕ್ಕಳು, ತಮ್ಮ ಬಸಪ್ಪ, ಅವನ ಹೆಂಡತಿ ನೀಲವ್ವ. ನೀಲವ್ವ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ತವರು ಬಸವನ ಬಾಗೇವಾಡಿಯ ಆಚೆ. ಹುಡುಗಿಗೆ ಗಿಡ-ಬಳ್ಳಿ ಅಂದರೆ ಜೀವ.

ಒಂದು ದಿನ ಬೀಜದ ಕಂಪನಿಯ ಮನುಷ್ಯನೊಬ್ಬ ಹೂವಿನ ಬೀಜದ ಪಾಕೀಟುಗಳ ಡಬ್ಬವೊಂದನ್ನು ಮಾದರಿಗೆಂದು ಅಂಗಡಿಯಲ್ಲಿ ಇಟ್ಟು ಹೋದ. ಅದರ ಮೇಲೆ ಚಂದದ ಬಣ್ಣದ ಚಿತ್ರ. ಸಿಂದಗಿಯಲ್ಲಿ ಆಗ ಹೂವಿನ ಬೀಜ ಕೊಳ್ಳುವವರು ಯಾರು? ಒಬ್ಬ ರೈತ ಪಾಕೀಟನ್ನು ತಿರುಗಿಸಿ ಮುರುಗಿಸಿ ನೋಡಿ, “ಎಕರೆಕ್ಕ ಎಷ್ಟ್ ಚೀಲ ಬೀಳ್ತೈತಿ?” ಅಂತ ಕೇಳಿದ. ಡಬ್ಬ ಧೂಳು ತಿನ್ನುತ್ತ ಬಿತ್ತು. ನಾನು ಸ್ವೀಟ್ ಪೀಯ ಒಂದು ಪಾಕೀಟನ್ನು ಕಿಸೆಗೆ ಹಾಕಿಕೊಂಡು ಬಂದು ಕಾಶಿಬಾಯಿಯ ಕೈಗೆ ಕೊಟ್ಟೆ. ಅವಳು ಅದನ್ನು ನೀಲವ್ವನಿಗೆ ಕೊಟ್ಟಳು.

ಈಗಿನವರಿಗೆ ಒಂದು ಮಾತು ಹೇಳಬೇಕು. ಗಂಡನ ಅಣ್ಣನ ಜೊತೆ ಸೊಸೆ ಎದುರೆದುರು ಮಾತಾಡುವುದು ಆಗ ನಮ್ಮ ಮನೆಯಲ್ಲಿ ಇರಲಿಲ್ಲ. ನಾನು ಪಡಸಾಲೆಗೆ ಬಂದರೆ ನೀಲವ್ವ ಸೆರಗು ಎಳೆದುಕೊಂಡು ಅಡುಗೆಮನೆಯ ಬಾಗಿಲಿಗೆ ಸರಿಯುತ್ತಿದ್ದಳು. ನನಗೆ ಏನಾದರೂ ಕೇಳುವುದಿದ್ದರೆ ಕಾಶಿಬಾಯಿಗೆ ಹೇಳುವಳು. ಹತ್ತು ಹೆಜ್ಜೆ ದೂರದಲ್ಲೇ ನಿಂತಿರುವಳು, ದನಿ ನನಗೆ ಸ್ಪಷ್ಟವಾಗಿ ಕೇಳುತ್ತಿರುವುದು, ಆದರೂ ಪ್ರಶ್ನೆ ಕಾಶಿಬಾಯಿಯ ಬಾಯಿಂದಲೇ ಬರಬೇಕು. ಉತ್ತರವನ್ನೂ ನಾನು ಕಾಶಿಬಾಯಿಗೇ ಹೇಳಬೇಕು.

“ಅಕ್ಕಾರ, ಬೀಜ ಎಷ್ಟ್ ಆಳಕ್ಕ ಊರಬೇಕಂತ ಭಾವಾರನ್ನ ಕೇಳ್ರಿ.”

“ಏನ್ರಿ, ಬೀಜ ಎಷ್ಟ್ ಆಳಕ್ಕ ಊರಬೇಕಂತ.”

“ಎರಡ್ ಬಟ್ಟಿನಷ್ಟು ಅನ್ನು.”

“ಎರಡ್ ಬಟ್ಟಿನಷ್ಟು ಅಂತ.”

ಬ್ಯಾಂಕಿನಲ್ಲಿ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವುದಿಲ್ಲವೇ, ಹಾಗೆ. ಕಾಶಿಬಾಯಿ ಒಮ್ಮೊಮ್ಮೆ ಬೇಸರಪಟ್ಟು, “ನನಗೂ ಒಂದ್ ಪಗಾರ ಹಚ್ಚಿಕೊಡ್ರಿ” ಅನ್ನುತ್ತಿದ್ದಳು.

ನೀಲವ್ವ ಬಚ್ಚಲ ನೀರು ಹರಿದುಹೋಗುವ ಕಡೆ, ಬೇಲಿಯ ಬುಡಕ್ಕೆ ಬೀಜ ಊರಿದಳು. ತೊಗರಿ ಕಟ್ಟಿಗೆ ನೆಟ್ಟಳು. ಥಂಡಿ ಶುರುವಾಗುವ ಹೊತ್ತಿಗೆ ಆ ಬೇಲಿ ಹೂವಾಯಿತು. ಊರ ಹೆಂಗಸರು ನೀರಿಗೆ ಹೋಗುವ ದಾರಿ ಬಿಟ್ಟು ನಮ್ಮ ಬಚ್ಚಲ ಹಿಂದಿನಿಂದ ಹಾಯ್ದು ಹೋಗತೊಡಗಿದರು. ಅವ್ವನೂ ಒಂದು ಹೂವು ಹೆರಳಿಗೆ ಸಿಕ್ಕಿಸಿಕೊಂಡು, “ಇದನ್ನ ದೇವರಿಗಿ ಏರಿಸಾಕ ಬರ್ತೈತೋ ಇಲ್ಲೋ” ಅಂದಳು. ಆ ಪ್ರಶ್ನೆಗೂ ನಾನು ಉತ್ತರ ಕೊಟ್ಟೆ.

ನೀಲವ್ವನಿಗೆ ಹೂವು ಕೊಯ್ಯಲು ಮನಸ್ಸಾಗುತ್ತಿರಲಿಲ್ಲ. ಕೊಯ್ದಷ್ಟೂ ಬಿಡುವ ಹೂವು ಇದು. ಬಳ್ಳಿಯಲ್ಲೇ ಬಿಟ್ಟರೆ ಕಾಯಿ ಕಟ್ಟುತ್ತದೆ, ಕಾಯಿ ಕಟ್ಟಿದರೆ ಹೂವು ಬಿಡುವುದು ನಿಲ್ಲುತ್ತದೆ. ಅದನ್ನು ಹೇಳುವಷ್ಟು ನನಗೂ ತಿಳಿದಿರಲಿಲ್ಲ. ಎಳ್ಳಮಾವಾಸ್ಯೆಯ ಹೊತ್ತಿಗೆ ಬೇಲಿಯ ತುಂಬ ಹಸಿರು ಕಾಯಿ ಜೋತುಬಿದ್ದವು.

ಎಳ್ಳಮಾವಾಸ್ಯೆ ಅಂದರೆ ನಮ್ಮ ಕಡೆ ಹೊಲಕ್ಕೆ ಉಣಿಸುವ ಹಬ್ಬ. ಸಜ್ಜೆ ರೊಟ್ಟಿ, ಕಡುಬು, ಬದನೆಕಾಯಿ, ಶೇಂಗಾ ಹೋಳಿಗೆ, ಎಲ್ಲ ಕಟ್ಟಿಕೊಂಡು ಗಾಡಿಯಲ್ಲಿ ಹೊಲಕ್ಕೆ ಹೋಗಿ, ಪೂಜೆ ಮಾಡಿ, ಬೆಳೆಗೆ ಚರಗ, ಅಂದರೆ ಅಡುಗೆಯ ಎಡೆ, ಚೆಲ್ಲಿ ಆಮೇಲೆ ನಾವು ಉಣ್ಣುವುದು. ಅದರಲ್ಲಿ ಭಜ್ಜಿಯೇ ದೊಡ್ಡದು. ಎಣ್ಣೆಯಲ್ಲಿ ಕರಿಯುವ ಭಜಿ ಅಲ್ಲ ಇದು. ಆ ದಿನಕ್ಕೆ ಹೊಲ-ಹಿತ್ತಿಲಲ್ಲಿ ಏನೇನು ಹಸಿರಿದೆಯೋ, ಸೊಪ್ಪು, ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಎಲ್ಲ ಒಂದೇ ಪಾತ್ರೆಯಲ್ಲಿ ಹುಳಿ ಹಾಕಿ ಬೇಯಿಸಿ, ಕಡಲೆಹಿಟ್ಟು ಕಲಸಿ ಮಾಡುವ ಗಟ್ಟಿ ಪಲ್ಯ. ನಮ್ಮ ಮನೆಯಲ್ಲಿ ಇನ್ನೊಂದು ಪದ್ಧತಿ. ಪ್ರತಿ ಸೊಸೆಯೂ ತಾನು ಬೆಳೆದದ್ದು ಒಂದು ಹಿಡಿ ಆ ಪಾತ್ರೆಗೆ ಹಾಕಬೇಕು. ಅವ್ವ ಮೆಂತ್ಯೆಯ ಮಡಿ ಮಾಡಿದ್ದಳು. ಕಾಶಿಬಾಯಿಯದು ಅವರೆ. ನೀಲವ್ವ ಬೆಳೆದದ್ದು ಈ ಬಳ್ಳಿಯೊಂದೇ.

ಹಬ್ಬದ ಹಿಂದಿನ ದಿನ ನಾನು ಅಂಗಳದಲ್ಲಿ ಕನ್ನಡಿ ಇಟ್ಟುಕೊಂಡು ದಾಡಿ ಮಾಡಿಕೊಳ್ಳುತ್ತಿದ್ದೆ. ಬಾಗಿಲ ಹಿಂದಿನಿಂದ ನೀಲವ್ವನ ದನಿ.

“ಅಕ್ಕಾರ, ಬೇಲಿ ಬಳ್ಳಿ ಕಾಯಿ ತಿನ್ನಾಕ ಬರ್ತಾವೇನ್ ಕೇಳ್ರಿ. ಬರೂದಾದ್ರ ಭಜ್ಜಿಗಿ ಹಾಕ್ತೇನಿ.”

“ಏನ್ರಿ, ಆ ಕಾಯಿ ತಿನ್ನಾಕ ಬರ್ತಾವೇನಂತ.”

ಕೆನ್ನೆಗೆ ಸಾಬೂನು ಹಚ್ಚಿಕೊಂಡವನು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. “ಬಟಾಣಿ ಜಾತಿನ ಐತಿ ಅದು. ಹಾಕು ಅನ್ನು.”

ಅಷ್ಟೇ. ಎದ್ದು ಹತ್ತು ಹೆಜ್ಜೆ ನಡೆದು ಒಂದು ಕಾಯಿ ಮುಟ್ಟಿ ನೋಡಿದ್ದರೆ ಸಾಕಿತ್ತು. ಬಟಾಣಿ ಕಾಯಿಯ ಮೈ ನುಣುಪು. ಸ್ವೀಟ್ ಪೀ ಕಾಯಿಗೆ ಮೈತುಂಬ ನವಿರು ತುಪ್ಪಳ, ಆಡಿನ ಮರಿಯ ಕಿವಿಗೆ ಇರುವಂಥದ್ದು. ಬೀಜ ಮುಟ್ಟಿ ಬದುಕಿದವನ ಬೆರಳಿಗೆ ಅದು ತಿಳಿಯದೆ ಇರುತ್ತಿರಲಿಲ್ಲ.

ಮರುದಿನ ಹೊಲದಲ್ಲಿ ಇಪ್ಪತ್ತು-ಇಪ್ಪತ್ತೈದು ಮಂದಿ ಉಂಡೆವು. ಭಜ್ಜಿ ಸ್ವಲ್ಪ ಒಗರು ಅಂತ ಯಾರೋ ಅಂದರು. ಇಳಿಹೊತ್ತಿಗೆ ಗಾಡಿ ಊರು ಮುಟ್ಟುವಷ್ಟರಲ್ಲಿ ಮೂವರು ವಾಂತಿ ಮಾಡಿಕೊಂಡಿದ್ದರು. ದೀಪ ಹಚ್ಚುವ ಹೊತ್ತಿಗೆ ಏಳು ಮಂದಿ. ಎಲ್ಲರಿಗಿಂತ ಅವ್ವನಿಗೆ ಜೋರು. ಊರ ಡಾಕ್ಟರು ಬಂದು ಸೂಜಿ ಚುಚ್ಚಿ, ಏನೇನು ಉಂಡಿರಿ ಅಂತ ಕೇಳಿದರು. ಮಜ್ಜಿಗೆಯನ್ನು ಕಲಾಯಿ ಹೋದ ಹಿತ್ತಾಳೆ ಕೊಡದಲ್ಲಿ ಒಯ್ದಿದ್ದೆವು, ಅದೂ ಇರಬಹುದು ಅಂದರು. ನಿಜ ಹೇಳಬೇಕೆಂದರೆ, ಅಷ್ಟು ದೊಡ್ಡ ಪಾತ್ರೆಗೆ ಒಂದು ಹಿಡಿ ಕಾಯಿ. ಅದರಿಂದಲೇ ಆಯಿತೋ ಮಜ್ಜಿಗೆಯಿಂದ ಆಯಿತೋ ಇವತ್ತಿಗೂ ನನಗೆ ಗೊತ್ತಿಲ್ಲ. ಆದರೆ ಮಜ್ಜಿಗೆಯ ಕೊಡ ಅವ್ವ ತಾನೇ ತುಂಬಿದ್ದು, ಹೀಗಾಗಿ ಅದರ ಮಾತು ಯಾರೂ ಎತ್ತಲಿಲ್ಲ.

ಅವ್ವ ಗೋಡೆಗೆ ಒರಗಿ ಕೂತು, ಎಲ್ಲರ ಮುಂದೆ ನೀಲವ್ವನನ್ನು ಕರೆದಳು. ನೆರೆಮನೆಯವರೂ ಬಂದು ನಿಂತಿದ್ದರು.

“ಏನ್ ಹಾಕಿದಿ ಭಜ್ಜಿಗಿ?”

“ಬೇಲಿ ಬಳ್ಳಿ ಕಾಯಿ ಹಾಕೇನ್ರಿ ಅತ್ತಿ.”

“ಹೂವಿನ ಕಾಯಿ ತಿಂತಾರೇನ್ ನಿಮ್ಮ ತವರಮನ್ಯಾಗ? ಯಾರ್ನ ಕೇಳಿ ಹಾಕಿದಿ?”

ಗಡಿಬಿಡಿಯಲ್ಲಿ ಗಾಡಿಯಿಂದ ಬಿಚ್ಚದೆ ಉಳಿದಿದ್ದ ಎತ್ತಿನ ಕೊರಳ ಹಗ್ಗವನ್ನು ನಾನು ಆಗ ಅಂಗಳದಲ್ಲಿ ಬಿಚ್ಚುತ್ತಿದ್ದೆ. ನೀಲವ್ವ ಕಾಶಿಬಾಯಿಯ ಕಡೆ ನೋಡಿದಳು. ಕಾಶಿಬಾಯಿ ನನ್ನ ಕಡೆ ನೋಡಿದಳು. ನಾನು ಹಗ್ಗದ ಗಂಟು ನೋಡಿದೆ. ಸಡಿಲಾಗಿಯೇ ಇದ್ದ ಗಂಟು ಅದು, ಅದನ್ನು ಬಿಚ್ಚಲು ಬಹಳ ಹೊತ್ತು ಹಿಡಿಯಿತು.

“ಕೇಳಾಕತ್ತೇನಿ. ಯಾರ್ನ ಕೇಳಿದಿ?”

“ಯಾರ್ನೂ ಕೇಳಿಲ್ರಿ” ಅಂದಳು ನೀಲವ್ವ.

ಭಾವನ ಹೆಸರು ಹೇಳುವುದು ಅವಳಿಂದ ಆಗದ ಮಾತು. ನಾನೇ ಬಾಯಿ ತೆರೆಯಬೇಕಿತ್ತು. ‘ನಾ ಹೇಳೇನಿ ಅವ್ವಾ’ ಅಂತ ಮೂರು ಶಬ್ದ. ಅಂಗಡಿಯ ಮಲ್ಲಪ್ಪನಿಗೆ ಕಾಯಿ ಗುರುತು ಸಿಗಲಿಲ್ಲ ಅಂತ ನಾಳೆ ಊರೆಲ್ಲ ಆಡಿಕೊಳ್ಳುತ್ತದೆ, ಸಿಂದಗಿಯವರೆಗೆ ಸುದ್ದಿ ಹೋಗುತ್ತದೆ, ಇನ್ನು ನನ್ನ ಮಾತು ಕೇಳಿ ಯಾರು ಬೀಜ ಒಯ್ಯುತ್ತಾರೆ, ಇದೇ ನನ್ನ ತಲೆಯಲ್ಲಿ. ಎತ್ತನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋದೆ.

ಎರಡು ದಿನ ಬಿಟ್ಟು ಅಂಗಡಿಯಲ್ಲಿ ಅದೇ ಡಬ್ಬದಿಂದ ಒಂದು ಪಾಕೀಟು ತೆಗೆದು ಹಿಂದುಗಡೆ ಓದಿದೆ. ಸಣ್ಣ ಇಂಗ್ಲಿಷ್ ಅಕ್ಷರ. ಇದರ ಬೀಜ ಮತ್ತು ಕಾಯಿ ವಿಷ, ತಿನ್ನಬಾರದು ಎಂದು ಬರೆದಿತ್ತು. ಅಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ಪಾಕೀಟನ್ನು ಡಬ್ಬದ ಎಲ್ಲಕ್ಕಿಂತ ಕೆಳಗೆ ಇಟ್ಟೆ.

ಬಳ್ಳಿಯನ್ನು ಅವ್ವ ಕಿತ್ತು ತಿಪ್ಪೆಗೆ ಹಾಕಿಸಿದಳು. ಬಸಪ್ಪ ಹೆಂಡತಿಯ ಮೇಲೆ ಮುನಿದ. ಮುಂದಿನ ವರ್ಷ ಎಳ್ಳಮಾವಾಸ್ಯೆ ಬಂದಾಗ ಅವ್ವ, “ನೀಲವ್ವ ರೊಟ್ಟಿ ಬಡೀಲಿ, ಭಜ್ಜಿಗಿ ಅಕಿ ಕೈ ಬ್ಯಾಡ” ಅಂದಳು. ಅದರ ಮುಂದಿನ ವರ್ಷವೂ ಅಂದಳು. ಆಮೇಲೆ ಯಾರೂ ಹೇಳುವ ಜರೂರಿ ಬೀಳಲಿಲ್ಲ. ಮಾತು ಪದ್ಧತಿಯಾಯಿತು. ಅವ್ವ ಹೋದಳು. ನಾನು ಸಿಂದಗಿಯಲ್ಲಿ ಮನೆ ಮಾಡಿದೆ. ಪ್ರತಿ ವರ್ಷ ಹಬ್ಬಕ್ಕೆ ಊರಿಗೆ ಹೋಗುತ್ತೇವೆ. ಹೊಸ ಸೊಸೆಯರು ಬಂದರು, ಅವರೆಲ್ಲ ಹಿಡಿ ಹಿಡಿ ಹಸಿರು ಹಾಕಿದರು. ನೀಲವ್ವ ಒಲೆಯ ಇನ್ನೊಂದು ಬದಿಗೆ ಕೂತು ನೂರಾರು ರೊಟ್ಟಿ ಬಡಿದಳು. ಹೊಸಬರು ಯಾಕೆ ಅಂತ ಕೇಳಿದರೆ ಹಳಬರು, “ಅಕಿ ಭಜ್ಜಿ ಮಾಡಂಗಿಲ್ಲ” ಅನ್ನುತ್ತಿದ್ದರು. ಅವಳಿಗೆ ಆಗಿಬರುವುದಿಲ್ಲವೇನೋ ಅಂತ ಕೆಲವರು ತಿಳಿದಿದ್ದರು.

ಕಾಶಿಬಾಯಿ ಒಂದೇ ಒಂದು ಸಲ ಈ ಮಾತು ಎತ್ತಿದಳು. ಅವಳಿಗೆ ಕಡೆಯ ಜಡ್ಡು ಹಿಡಿದಾಗ. “ಅಕಿ ನಿಮ್ಮ ಮಾನ ಉಳಿಸಿದ್ಳು. ಒಂದ್ ಮಾತ್ ಹೇಳ್ರಿ ಅಕಿಗಿ.” ಹೇಳುತ್ತೇನೆ ಅಂದೆ. ಕಾಶಿಬಾಯಿ ಹೋಗಿ ಒಂಬತ್ತು ವರ್ಷವಾಯಿತು.

ಈ ಸಲ ಹಬ್ಬಕ್ಕೆ ಇನ್ನೂ ಆರು ದಿನ ಇತ್ತು. ರೇಖಾ ಡಬ್ಬಿಯ ಬಳ್ಳಿಯನ್ನು ಎತ್ತಿ ನೋಡುತ್ತ ಕೇಳಿದಳು:

“ಮುತ್ಯಾ, ನಾಕ್ ಕಾಯಿ ಆಗ್ಯಾವು ನೋಡ್ರಿ. ನಾ ಬೆಳದದ್ದು ಇದೊಂದ. ಊರಿಗಿ ಒಯ್ದು ಭಜ್ಜಿಗಿ ಹಾಕಿದ್ರ ನಡೀತೈತೇನ್ರಿ?”

“ಬ್ಯಾಡ!” ಅಂತ ಎಷ್ಟು ಜೋರಾಗಿ ಕೂಗಿದೆನೆಂದರೆ ಮೊಮ್ಮಗ ಒಳಗಿನಿಂದ ಓಡಿ ಬಂದ. ಹುಡುಗಿ ಹೆದರಿದಳು. ಮೊಬೈಲಿನಲ್ಲಿ ನೋಡಿ, “ಹೌದ್ರಿ, ತಿನ್ನಬಾರದಂತ” ಅಂದಳು. ಈ ಪ್ರಶ್ನೆಯಲ್ಲಿ ಪಾಸಾಗಲು ನನಗೆ ಮೂವತ್ತೆಂಟು ವರ್ಷ ಹಿಡಿದಿತ್ತು. ಕಾಯಿಗಳನ್ನು ನಾನೇ ಕಿತ್ತೆ. ತುಪ್ಪಳ ಬೆರಳಿಗೆ ತಾಗಿತು. ಮರುದಿನ ಊರಿಗೆ ಬಸ್ಸು ಹತ್ತಿದೆ.

ನೀಲವ್ವ ಅಂಗಳದಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. ಈಗ ಅವಳಿಗೂ ಅರವತ್ತು ಹತ್ತಿರ. ಸೆರಗು ಎಳೆದುಕೊಳ್ಳುತ್ತಾಳೆ, ಆದರೆ ಮಾತು ನೇರವಾಗಿಯೇ ಆಡುತ್ತಾಳೆ. ನಡುವೆ ನಿಲ್ಲಲು ಕಾಶಿಬಾಯಿ ಇಲ್ಲವಲ್ಲ.

“ಬರ್ರಿ ಭಾವಾರ. ಹಬ್ಬ ಇನ್ನಾ ಐದ್ ದಿನ ಐತಿ, ಇಷ್ಟ್ ಲಗೂ ಬಂದೀರಿ?”

ನೀರು ಕುಡಿದೆ. ಮೊರದಲ್ಲಿ ಸಜ್ಜೆ ಜಿಗಿಯುವುದನ್ನು ನೋಡಿದೆ. ಆಮೇಲೆ ಹೇಳಿದೆ. ಆ ಕಾಯಿ ಹಾಕು ಅಂದವನು ನಾನು, ಅವ್ವ ಕೇಳಿದಾಗ ಬಾಯಿ ಬಿಡದವನೂ ನಾನು, ತಪ್ಪಾಯಿತು ನೀಲವ್ವಾ, ಅಂತ. ಇಷ್ಟು ವರ್ಷ ಮನಸ್ಸಿನಲ್ಲಿ ದೊಡ್ಡದಾಗಿ ಕಟ್ಟಿಟ್ಟುಕೊಂಡಿದ್ದು ಹೇಳಿ ಮುಗಿಸಲು ಒಂದು ನಿಮಿಷವೂ ಬೇಕಾಗಲಿಲ್ಲ.

ಅವಳು ಮೊರ ಕೆಳಗಿಟ್ಟಳು.

“ನನಗ ಗೊತ್ತಿದ್ದದ್ದು ನನಗ ಹೇಳಾಕ ಸಿಂದಗಿಯಿಂದ ಬಸ್ಸ್ ಹತ್ತಿ ಬಂದೀರೇನ್ರಿ?”

ಖಾಲಿ ತಂಬಿಗೆಯನ್ನು ಪಕ್ಕಕ್ಕೆ ಸರಿಸಿದೆ.

“ಬೈಸಿಕೊಂಡಿದ್ದು ಎಲ್ಲಾರ ಮುಂದ, ಭಾವಾರ. ನೀವು ತಪ್ಪಾತು ಅನ್ನೂದು ನನ್ನೊಬ್ಬಾಕಿ ಮುಂದ. ಯಾವ ಊರ ನ್ಯಾಯ ಇದು?”

“ಏನ್ ಮಾಡ್ಲಿ ಹೇಳವ್ವಾ.”

“ನಾ ಏನ್ ಹೇಳ್ಲಿ. ಎಲ್ಲಾ ಪ್ರಶ್ನಿಗೂ ಉತ್ರ ಕೊಡಾವ್ರು ನೀವು.” ಮತ್ತೆ ಮೊರ ಎತ್ತಿಕೊಂಡಳು. ನನ್ನ ಕಡೆ ನೋಡದೆ, “ಭಜ್ಜಿಗಿ ಹಿಟ್ಟ್ ಎಷ್ಟ್ ಹಿಡೀತೈತಿ, ಹುಳಿ ಎಷ್ಟ್ ಹಿಡೀತೈತಿ, ಅದೂ ಮರತ್ ಹೋಗೈತಿ ನನಗ” ಅಂದಳು. ಅವಳು ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಚಹಾ ಮಾಡಿಕೊಟ್ಟಳು. ಕುಡಿದು ಬಂದೆ.

ಆಮೇಲಿನ ಮೂರು ದಿನ ಮೈಯಲ್ಲಿ ಜ್ವರ ಇರಲಿಲ್ಲ, ಆದರೂ ಜ್ವರ ಬಂದವನ ಹಾಗೆ ಮಲಗಿದೆ. ಹಬ್ಬಕ್ಕೆ ಹೋಗುವುದೇ ಬೇಡ, ಮೊಣಕಾಲು ನೋವು ಅಂತ ಹೇಳಿದರಾಯಿತು ಅಂತಲೂ ಯೋಚಿಸಿದೆ. ಮೊಣಕಾಲು ನಿಜವಾಗಿಯೂ ನೋಯುತ್ತಿತ್ತು. ಮುದುಕರಿಗೆ ನೆಪ ಹುಡುಕುವ ಕಷ್ಟವಿಲ್ಲ, ದೇಹವೇ ಒದಗಿಸುತ್ತದೆ.

ಹೋದೆ. ಹಬ್ಬದ ಹಿಂದಿನ ಮಧ್ಯಾಹ್ನ ಪಡಸಾಲೆಯ ತುಂಬ ಹಸಿರು ರಾಶಿ. ಸೊಸೆಯರು, ಮೊಮ್ಮಕ್ಕಳು ಸುತ್ತ ಕೂತು ಸೊಪ್ಪು ಸೋಸುತ್ತಿದ್ದರು. ನೀಲವ್ವ ಒಂದು ಮೂಲೆಯಲ್ಲಿ ತೊಗರಿಕಾಯಿ ಸುಲಿಯುತ್ತಿದ್ದಳು. ಸುಲಿಯಬಹುದು, ಪಾತ್ರೆಗೆ ಹಾಕುವ ಹಾಗಿಲ್ಲ. ಬಸಪ್ಪ ಕಂಬಕ್ಕೆ ಒರಗಿ ಅಡಿಕೆ ಕತ್ತರಿಸುತ್ತಿದ್ದ. ನಾನು ನಡುವೆ ಹೋಗಿ ನಿಂತೆ.

“ಮುತ್ಯಾ, ಚಾ ಬೇಕೇನ್ರಿ?” ಅಂದಳು ಯಾರೋ.

“ಬ್ಯಾಡ. ಒಂದ್ ಮಾತ್ ಹೇಳೂದೈತಿ. ಎಲ್ಲಾರೂ ಕೇಳ್ರಿ.”

ಹೇಳಿದೆ. ನಿಂತೇ ಹೇಳಿದೆ. ದಾಡಿ, ಕನ್ನಡಿ, ಕಾಯಿ, ವಾಂತಿ, ಹಗ್ಗದ ಗಂಟು, ಪಾಕೀಟಿನ ಹಿಂದಿನ ಅಕ್ಷರ, ಒಂದೂ ಬಿಡದೆ. “ನೀಲವ್ವಂದೇನೂ ತಪ್ಪಿರಲಿಲ್ಲ. ಅಕಿ ಕೇಳಿಯ ಹಾಕಿದ್ಳು. ನನ್ನ ಕೇಳಿದ್ಳು.”

ಹುಡುಗರು ನಕ್ಕರು. ಕೆಟ್ಟ ನಗೆಯಲ್ಲ ಅದು. “ಇಷ್ಟ ಏನ್ರಿ ಮುತ್ಯಾ! ನಾವು ಹೊಲಾ ಮಾರಿದ್ರೇನೋ ಅಂತ ಹೆದರಿದ್ದಿವಿ!” ಅಂದ ಮೊಮ್ಮಗ. “ಅಂಗಡ್ಯಾಗ ಇನ್ನಾ ಎಷ್ಟ್ ಮಂದಿಗಿ ಹಿಂಗ ಹೇಳೀರಿ?” ಅಂದ ಇನ್ನೊಬ್ಬ. ನನ್ನ ಪಾಪ ಅವರಿಗೆ ಒಂದು ಹಳೆಯ ತಮಾಷೆ. ನಾನೂ ಅವರ ಜೊತೆ ನಕ್ಕು ಪಾರಾಗಬಹುದಿತ್ತು. ಬಾಯಿ ಅತ್ತ ಕಡೆ ಹೊರಳಿಯೂ ಇತ್ತು.

“ನಗಬ್ಯಾಡ್ರಿ” ಅಂದ ಬಸಪ್ಪ. ಅಡಿಕೆಕತ್ತರಿ ಕೆಳಗಿಟ್ಟಿದ್ದ. “ಅವತ್ತಿಂದ ಎರಡ್ ತಿಂಗಳ ಅಕಿ ಜೋಡಿ ಮಾತಾಡ್ಲಿಲ್ಲ ನಾ. ತವರಮನಿಗಿ ಕಳಿಸೂದಕ್ಕೂ ನಿಂತಿದ್ದೆ. ಗೊತ್ತೈತೇನಣ್ಣಾ ನಿನಗ?”

ಗೊತ್ತಿರಲಿಲ್ಲ. ಮುನಿದಿದ್ದಾನೆ ಅಂತ ಮಾತ್ರ ತಿಳಿದಿದ್ದೆ. ಬಸಪ್ಪ ನೀಲವ್ವನ ಕಡೆ ತಿರುಗಿ, “ನೀನರ ಯಾಕ ಹೇಳ್ಲಿಲ್ಲ?” ಅಂದ.

“ಹೇಳಿದ್ರ ನೀವು ನಂಬತಿದ್ರೇನು? ಅಣ್ಣನ ಮ್ಯಾಲ ಹಾಕಾಕತ್ತಾಳ ಅಂತಿದ್ರಿ” ಅಂದಳು ನೀಲವ್ವ. ಕೈ ತೊಗರಿ ಸುಲಿಯುತ್ತಲೇ ಇತ್ತು. ಅವಳು ಮಡಿಲಲ್ಲಿದ್ದ ಸಿಪ್ಪೆ ಕೊಡವಿ ಎದ್ದು, ಸೊಂಟ ಹಿಡಿದುಕೊಂಡು ಒಂದು ಗಳಿಗೆ ನಿಂತಳು.

“ರೇಖಾ, ಆ ದೊಡ್ಡ ಪಾತೇಲಿ ತೊಳಿಯವ್ವಾ. ಈ ವರ್ಷದ ಭಜ್ಜಿ ನಾ ಮಾಡ್ತೇನಿ.”

ಹಿರಿಯ ಸೊಸೆಯೊಬ್ಬಳು, “ಬರ್ತೈತೇನ್ರಿ ನಿಮಗ?” ಅಂದಳು.

“ಬರಂಗಿಲ್ಲ. ಮಾಡ್ತೇನಿ.”

ಮರುದಿನ ಗಾಡಿ ಇಲ್ಲ, ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೋದೆವು. ಕಡಲೆ ಮೊಣಕಾಲೆತ್ತರ, ಬಿಳಿಜೋಳ ತೆನೆ ಹಾಯುವುದರಲ್ಲಿತ್ತು. ಪೂಜೆಯಾಯಿತು. ಬಸಪ್ಪ ಮುಂದೆ, ಹುಡುಗರು ಹಿಂದೆ, ಕೂಗುತ್ತ ಹೊಲದ ಸುತ್ತ ಚರಗ ಚೆಲ್ಲಿ ಬಂದರು. ಎಲ್ಲರೂ ಸಾಲಾಗಿ ಕೂತೆವು. ನೀಲವ್ವ ಭಜ್ಜಿಯ ಪಾತ್ರೆ ಸೊಂಟಕ್ಕೆ ಇಟ್ಟುಕೊಂಡು ಬಂದು, ಎಲ್ಲರಿಗಿಂತ ಮೊದಲು ನನ್ನ ತಾಟಿಗೆ ಒಂದು ಸೌಟು ಹಾಕಿದಳು. ಅಲ್ಲೇ ನಿಂತಳು.

“ನೋಡ್ರಿ ಭಾವಾರ. ಹೆಂಗಾಗೈತಿ?”

ಸಾಲಿಗೆ ಸಾಲೇ ನನ್ನ ಬಾಯಿ ನೋಡುತ್ತಿತ್ತು. ರೊಟ್ಟಿಯ ಚೂರಿನಲ್ಲಿ ತೆಗೆದು ಬಾಯಿಗಿಟ್ಟುಕೊಂಡೆ. ಹುಳಿ ಸರಿಯಿತ್ತು. ಹಿಟ್ಟು ಹದವಾಗಿತ್ತು. ಉಪ್ಪು ಮಾತ್ರ ನಾಲಿಗೆ ಸುಡುವಷ್ಟು. ‘ಛಲೋ ಆಗೈತಿ’ ಅನ್ನುವ ಮಾತು ತಾನಾಗಿಯೇ ತುಟಿಗೆ ಬಂದು ನಿಂತಿತು. ಮೇಜಿನ ಹಿಂದೆ ನಿಂತು ಬದುಕಿದವನಿಗೆ ಎಂಥ ಮಾತು ಹೇಳಿದರೆ ಎದುರಿನವರು ಖುಷಿಯಿಂದ ಹೋಗುತ್ತಾರೆ ಅಂತ ತಿಳಿಯುವುದು ಕಷ್ಟವಲ್ಲ.

ನುಂಗಿದೆ. “ಉಪ್ಪು ಹೆಚ್ಚಾಗೈತಿ ನೀಲವ್ವಾ.”

“ಮುತ್ಯಾ!” ಅಂದಳು ರೇಖಾ, ಮೊಣಕೈಯಿಂದ ತಿವಿದು.

ನೀಲವ್ವ ಸೌಟಿನಿಂದ ಅಂಗೈಗೆ ಒಂದಿಷ್ಟು ಹಾಕಿಕೊಂಡು ನೆಕ್ಕಿದಳು.

“ಹೌದ್ರಿ. ಹೆಚ್ಚಾಗೈತಿ.”

ಬುಟ್ಟಿಗೆ ಕೈ ಹಾಕಿ ಎರಡು ರೊಟ್ಟಿ ತೆಗೆದು ನನ್ನ ತಾಟಿಗೆ ಹಾಕಿದಳು. ಅದರ ಮೇಲೆ ಇನ್ನೊಂದು ಸೌಟು ಭಜ್ಜಿ.

“ಹಂಗಾರ ಎರಡ್ ರೊಟ್ಟಿ ಹೆಚ್ಚಿಗಿ ಉಣ್ರಿ” ಅಂದು ಮುಂದಿನ ತಾಟಿಗೆ ಹೋದಳು.